ಶೇಕಡಾ ಎರಡು ಯಾವ ಕೆಲಸಕ್ಕೆ?

ಬೆಂಗಳೂರಿನಲ್ಲಿ 80 ಲಕ್ಷ ರೂಪಾಯಿಯ ಹಳೆಯ ಫ್ಲ್ಯಾಟ್ ಕೊಂಡು ಬ್ರೋಕರ್‌ಗೆ ಶೇ. 2 ಕೊಟ್ಟರೆ 1.6 ಲಕ್ಷ ರೂಪಾಯಿ ಹೋಯಿತು. 2025ರ ಆಗಸ್ಟ್ ಕೊನೆಗೆ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿದಾಗ ನಾವೆಲ್ಲ ಗೊಣಗಿದೆವಲ್ಲ, ಅದೂ ಇಷ್ಟೇ ಮೊತ್ತ. ಸರ್ಕಾರದ ಶುಲ್ಕಕ್ಕೆ ರಸೀದಿ ಇದೆ, ಚೌಕಾಸಿ ಇಲ್ಲ. ಬ್ರೋಕರ್ ಕಮಿಷನ್‌ಗೆ ಚೌಕಾಸಿ ಇದೆ, ರಸೀದಿ ಸಿಗುವುದು ಅಪರೂಪ.

ಬಾಡಿಗೆ, ಖರೀದಿ, ಮಾರಾಟ ಮೂರಕ್ಕೂ ನಾನು ಕಮಿಷನ್ ಕೊಟ್ಟಿದ್ದೇನೆ. ಮಾರಾಟಕ್ಕೆ ಕೊಟ್ಟದ್ದರ ಬಗ್ಗೆ ಬೇಸರವಿಲ್ಲ. ಖರೀದಿಯಲ್ಲಿ ಹಟ ಹಿಡಿದು ಇಳಿಸಿದೆ. ಬಾಡಿಗೆಗೆ ಕೊಟ್ಟದ್ದು ಮಾತ್ರ ಇವತ್ತಿಗೂ ದುಬಾರಿ ಅನ್ನಿಸುತ್ತದೆ.

ಮಾರಿದ್ದು ಅಪ್ಪನ ಮೈಸೂರಿನ ಮನೆ. ನಾನು ಬೆಂಗಳೂರಿನಲ್ಲಿ, ಅಣ್ಣ ಹುಬ್ಬಳ್ಳಿಯಲ್ಲಿ, ತಂಗಿ ಅಮೆರಿಕದಲ್ಲಿ. ಬೀಗದ ಕೈ ಅದೇ ಬಡಾವಣೆಯ ಬ್ರೋಕರ್ ಹತ್ತಿರ ಇತ್ತು. ಭಾನುವಾರ ಸುಮ್ಮನೆ ಮನೆ ನೋಡಲು ಬರುವವರನ್ನು ಅವರೇ ಸೋಸಿ ಕಳಿಸುತ್ತಿದ್ದರು. ಪಕ್ಕದ ರಸ್ತೆಯಲ್ಲಿ ಯಾವ ಮನೆ ಎಷ್ಟಕ್ಕೆ ಹೋಯಿತು, ಕ್ರಯಪತ್ರದಲ್ಲಿ ಕಾಣಿಸಿದ್ದೆಷ್ಟು ಎರಡೂ ಅವರಿಗೆ ಗೊತ್ತಿತ್ತು. ಅಪ್ಪನ ಹೆಸರಿನಲ್ಲಿದ್ದ ಖಾತೆ ನಮ್ಮ ಹೆಸರಿಗೆ ಬರಲು ವಂಶವೃಕ್ಷ, ಮರಣ ಪ್ರಮಾಣಪತ್ರ, ಕಂದಾಯ ರಸೀದಿ ಹಿಡಿದು ಕಚೇರಿ ಸುತ್ತಿದವರೂ ಅವರೇ.

ಆದರೆ ಕಮಿಷನ್ ದುಡಿದದ್ದು ಅಗ್ರಿಮೆಂಟ್ ಆದ ಮೇಲೆ. ಕೊಳ್ಳುವವರ ಬ್ಯಾಂಕು ನಾವು ಒಪ್ಪಿದ ಬೆಲೆಗಿಂತ ಕಡಿಮೆ ಮೌಲ್ಯ ಕಟ್ಟಿತು. ಸಾಲ ಸಾಲದೆ ಅವರು ಹಿಂಜರಿದರು. ಅಣ್ಣ ಅಡ್ವಾನ್ಸ್ ಮುಟ್ಟುಗೋಲು ಹಾಕೋಣ ಅಂದ. ಬ್ರೋಕರ್ ನನಗೆ ಹೇಳಿದ್ದು ಒಂದೇ ಮಾತು: ‘ಸಾರ್, ನೀವು ಪಾರ್ಟಿಗೆ ಫೋನ್ ಮಾಡ್ಬೇಡಿ, ನಾನ್ ಮಾತಾಡ್ತೀನಿ.’ ಕೊಳ್ಳುವವರು ಪಿಎಫ್‌ನಿಂದ ಒಂದಷ್ಟು ತೆಗೆಯುವಂತೆ, ನಾವು ಗಡುವು ಮುಂದಕ್ಕೆ ಹಾಕುವಂತೆ ಮಾಡಿ ವ್ಯವಹಾರ ಉಳಿಸಿದರು. ನಾವೇ ಮಾತಾಡಿದ್ದರೆ ಅದು ವಕೀಲರ ನೋಟಿಸಿನಲ್ಲಿ ಮುಗಿಯುತ್ತಿತ್ತು.

ಅದೇ ಬ್ರೋಕರ್ ತೆರಿಗೆಯ ವಿಷಯಕ್ಕೆ ಬಂದಾಗ ‘ಶೇ. 1 ಟಿಡಿಎಸ್ ಹಿಡಿದ್ರೆ ಆಯ್ತು, ಎಲ್ರೂ ಹಂಗೇ ಮಾಡೋದು’ ಎಂದುಬಿಟ್ಟರು. 50 ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟ ಆಸ್ತಿಗೆ ಆ ಲೆಕ್ಕ ಸರಿ, ಮಾರುವವರು ಇಲ್ಲೇ ನೆಲೆಸಿದವರಾಗಿದ್ದರೆ. ತಂಗಿಯಂಥ ಅನಿವಾಸಿಯ ಪಾಲಿಗೆ ಬೇರೆ ನಿಯಮ, ಎಷ್ಟೋ ಹೆಚ್ಚಿನ ದರ. ಇಳಿಸಬೇಕಾದರೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರಬೇಕು. ಆಡಿಟರ್ ತಡೆಯದಿದ್ದರೆ ಕೊಂಡವರಿಗೆ ನೋಟಿಸ್ ಬರುತ್ತಿತ್ತು. ಬ್ರೋಕರ್‌ನ ಬೆಲೆ ಇರುವುದು ಓಡಾಟದಲ್ಲಿ, ಜನರನ್ನು ಕೂಡಿಸುವುದರಲ್ಲಿ. ಕಾಗದಪತ್ರಕ್ಕೂ ತೆರಿಗೆಗೂ ಅವರ ಮಾತನ್ನೇ ನೆಚ್ಚಬಾರದು.

ಬೆಲೆ ಕುದುರಿಸಲು ನೆಚ್ಚಬಹುದೇ? ಶೇ. 1ರ ಕಮಿಷನ್‌ನಲ್ಲಿ ಬ್ರೋಕರ್ ಇನ್ನೊಂದು ತಿಂಗಳು ಕಾದು ನಿಮಗೆ 3 ಲಕ್ಷ ಹೆಚ್ಚು ಕೊಡಿಸಿದರೆ ಅವರ ಕೈಗೆ ಬರುವುದು 3,000 ರೂಪಾಯಿ. ಅಷ್ಟಕ್ಕೆ ಯಾರು ಕಾಯುತ್ತಾರೆ? ಬಂದ ಗಿರಾಕಿಗೆ ಇವತ್ತೇ ಮುಗಿಸುವುದು ಅವರಿಗೆ ಲಾಭ. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಅಳೆದರು. ಅಲ್ಲಿನ ಏಜೆಂಟರು ತಮ್ಮ ಸ್ವಂತ ಮನೆಯನ್ನು ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದು, ಸುಮಾರು ಶೇ. 3.7 ಹೆಚ್ಚು ಬೆಲೆಗೆ ಮಾರುತ್ತಿದ್ದರು. ದೇಶ ಬೇರೆ, ಕಮಿಷನ್ ದರ ಬೇರೆ. ಗಣಿತ ಇಲ್ಲಿಗೂ ಹೊಂದುತ್ತದೆ. ನಮ್ಮ ಕನಿಷ್ಠ ಬೆಲೆಯನ್ನು ನಾನು ಬ್ರೋಕರ್‌ಗೆ ಕೊನೆಯವರೆಗೂ ಹೇಳಲಿಲ್ಲ.

ಕೊಳ್ಳುವವರಿಗೆ ಈ ಗಣಿತ ಇನ್ನೂ ವಿಚಿತ್ರ. ಬೆಲೆ ಇಳಿಸಿಕೊಟ್ಟಷ್ಟೂ ಬ್ರೋಕರ್‌ನ ಕಮಿಷನ್ ಇಳಿಯುತ್ತದೆ. ಮೇಲಾಗಿ ಅವರು ಮಾರುವವರಿಂದಲೂ ತೆಗೆದುಕೊಳ್ಳುತ್ತಾರೆ. ಅದಕ್ಕೇ ಫ್ಲ್ಯಾಟ್ ಕೊಳ್ಳುವಾಗ ಶೇಕಡಾವಾರು ಬೇಡ ಅಂದೆ. ಒಂದು ಇಡಿ ಮೊತ್ತ ಮಾತಾಡಿ, ಸ್ವಲ್ಪ ಅಗ್ರಿಮೆಂಟ್ ದಿನ, ಉಳಿದದ್ದು ರಿಜಿಸ್ಟ್ರೇಷನ್ ದಿನ ಎಂದು ಒಪ್ಪಿಸಿದೆ. ಕಾವೇರಿ ನೀರು ಬರುತ್ತದೋ ಟ್ಯಾಂಕರ್ರೋ, ಅಸೋಸಿಯೇಷನ್‌ನಲ್ಲಿ ಜಗಳವಿದೆಯೋ ಎಂಬುದೆಲ್ಲ ಅವರಿಂದಲೇ ತಿಳಿಯಿತು. ‘ಪೇಪರ್ಸ್ ಎಲ್ಲಾ ಕ್ಲಿಯರ್ ಸಾರ್’ ಎಂಬ ಮಾತನ್ನು ಮಾತ್ರ ಪಕ್ಕಕ್ಕಿಟ್ಟು ನನ್ನದೇ ವಕೀಲರಿಗೆ ತೋರಿಸಿದೆ. ಮೂಲಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತಾ, ಓಸಿ (ಸ್ವಾಧೀನ ಪ್ರಮಾಣಪತ್ರ) ನೋಡಲು ಅವರು ತೆಗೆದುಕೊಂಡ ಫೀಸು ಕಮಿಷನ್‌ಗಿಂತ ಎಷ್ಟೋ ಕಡಿಮೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯೊಳಗಿನ ಪಾಲಿನ ತಕರಾರು ಅದರಲ್ಲಿ ಬರುವುದಿಲ್ಲ.

ಬಾಡಿಗೆಗೆ ಒಂದು ತಿಂಗಳ ಬಾಡಿಗೆ ಕಮಿಷನ್ ಎಂಬುದು ಬೆಂಗಳೂರಿನ ರೂಢಿ. ಟು-ಲೆಟ್ ಬೋರ್ಡು, ಆ್ಯಪ್, ಆಫೀಸಿನ ವಾಟ್ಸ್‌ಆ್ಯಪ್ ಗುಂಪು ಇರುವಾಗ ಗೇಟಿನ ಬೀಗ ತೆಗೆದು ತೋರಿಸಿದ್ದಕ್ಕೆ ಇದು ಹೆಚ್ಚೇ. ಊರಿಗೆ ಹೊಸಬರು, ಓಡಾಡಲು ಪುರುಸೊತ್ತಿಲ್ಲದವರು ಕೊಡಲಿ. ಕರಾರು ನವೀಕರಿಸುವಾಗ ಮತ್ತೆ ಕೇಳಿದರೆ ಕೊಡಬೇಡಿ. ಆಗ ಅವರು ಹುಡುಕಿಕೊಟ್ಟದ್ದು ಏನೂ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಶೇ. 1, ಶೇ. 2 ಎಂದು ಯಾವ ಕಾಯಿದೆಯೂ ಹೇಳಿಲ್ಲ, ಎಲ್ಲ ರೂಢಿಯೇ. 2016ರ ರೇರಾ ಕಾಯಿದೆಯ ಪ್ರಕಾರ ನೋಂದಾಯಿತ ಪ್ರಾಜೆಕ್ಟಿನ ಫ್ಲ್ಯಾಟ್, ಸೈಟು ಮಾರಿಸುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಹೊಸ ಪ್ರಾಜೆಕ್ಟಾದರೆ ಏಜೆಂಟರ ನೋಂದಣಿ ಸಂಖ್ಯೆ ಕೇಳಿ. ‘ನನಗಿಷ್ಟು ಕೊಡಿ, ಮೇಲೆ ಬಂದದ್ದು ನಿಮ್ಮದು’ ಎಂದು ಬ್ರೋಕರ್ ಜೊತೆ ಒಪ್ಪುವ ಮಾಲೀಕರೂ ಇದ್ದಾರೆ. ಅಂಥ ಒಪ್ಪಂದ ಬೇಡ. ಒಪ್ಪಂದವೇ ಇಲ್ಲದೆ, ನಿಮಗೆ ತಿಳಿಸದೆ ಏಜೆಂಟ್ ತನ್ನ ಲೆಕ್ಕದಲ್ಲಿ ವ್ಯವಹರಿಸಿ ಲಾಭ ಮಾಡಿಕೊಂಡರೆ, ಅದನ್ನು ಕೇಳುವ ಹಕ್ಕು 1872ರ ಕರಾರು ಕಾಯಿದೆಯಲ್ಲೇ ಇದೆ.

ಇನ್ನು ರಸೀದಿ. ಮನೆ ಮಾರುವವರು ಕೊಟ್ಟ ಕಮಿಷನ್ ಅನ್ನು ಬಂಡವಾಳ ಲಾಭದ ಲೆಕ್ಕದಲ್ಲಿ ಖರ್ಚೆಂದು ಕಳೆಯಬಹುದು. ನಗದು ಕೊಟ್ಟು ಕೈ ತೊಳೆದುಕೊಂಡರೆ ಅದನ್ನು ಸಾಬೀತು ಮಾಡುವುದು ಕಷ್ಟ. ನಾವು ಬ್ಯಾಂಕ್ ಮೂಲಕವೇ ಕೊಟ್ಟೆವು. ಬ್ರೋಕರ್ ಜಿಎಸ್‌ಟಿ ನೋಂದಣಿ ಇರುವವರಾದರೆ ಕಮಿಷನ್ ಮೇಲೆ ಇನ್ನೂ ಶೇ. 18 ಸೇರುತ್ತದೆ, ಅದು ಮಾತಾಡಿದ ಮೊತ್ತದ ಒಳಗೋ ಹೊರಗೋ ಎಂದು ಮೊದಲೇ ತೀರ್ಮಾನವಾಗಲಿ.

ಮತ್ತೊಮ್ಮೆ ದೂರದ ಊರಿನ ಆಸ್ತಿ ಮಾರಬೇಕಾದರೆ ಶೇ. 1 ಕೊಟ್ಟು ಬ್ರೋಕರನ್ನೇ ಹಿಡಿಯುತ್ತೇನೆ. ಕೊಳ್ಳುವುದಾದರೆ ಇಡಿ ಮೊತ್ತ, ಜೊತೆಗೆ ನನ್ನದೇ ವಕೀಲರು. ಬಾಡಿಗೆಯಾದರೆ ಮೊದಲು ನಾನೇ ಹುಡುಕುತ್ತೇನೆ. ನೀವು ಯಾವುದಕ್ಕೆ ಹೊರಟರೂ ಕಮಿಷನ್ ವಿಷಯವನ್ನು ಮೊದಲ ಫೋನಿನಲ್ಲೇ ಎತ್ತಿ, ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಮನೆ ಮನಸ್ಸಿಗೆ ಹಿಡಿಸಿತೆಂದು ಬ್ರೋಕರ್‌ಗೆ ಗೊತ್ತಾದ ಮೇಲೆ ಒಂದು ರೂಪಾಯಿಯೂ ಇಳಿಯುವುದಿಲ್ಲ.