4,950 ರೂಪಾಯಿಯ ರಿಪೇರಿ

ಜುಲೈ ಬಂತೆಂದರೆ ನನ್ನಂಥವರಿಗೆ ಸುಗ್ಗಿ. ಮೈಸೂರಿನ ನಮ್ಮ ಮನೆಯ ಹಾಲಿನಲ್ಲೇ ಮೇಜು ಹಾಕಿಕೊಂಡು ಹಲವು ವರ್ಷಗಳಿಂದ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದೇನೆ. ಕಿರಾಣಿ ಅಂಗಡಿಯವರು, ನಿವೃತ್ತ ಮೇಷ್ಟ್ರುಗಳು, ಎರಡು ಮನೆ ಬಾಡಿಗೆಗೆ ಕೊಟ್ಟಿರುವ ಅಜ್ಜಿಯರು ನನ್ನ ಗಿರಾಕಿಗಳು. 2023ರ ಜುಲೈ ಮೊದಲ ವಾರ ಒಬ್ಬ ಮೇಷ್ಟ್ರು ಎದುರಿಗೆ ಕೂತಿದ್ದರು. ಲ್ಯಾಪ್‌ಟಾಪ್ ಆನ್ ಮಾಡಿ ಒಳಗೆ ಹೋಗಿ ಕಾಫಿ ಬೆರೆಸಿ ತಂದೆ. ಅವರು ಕುಡಿದು ಲೋಟ ಕೆಳಗಿಟ್ಟರು. ಪರದೆಯ ಮೇಲೆ ಚುಕ್ಕಿಗಳ ಚಕ್ರ ಇನ್ನೂ ತಿರುಗುತ್ತಲೇ ಇತ್ತು. “ಇರಲಿ ಬಿಡಮ್ಮ, ನಂಗೇನೂ ಅವಸರ ಇಲ್ಲ” ಎಂದರು. ಅಷ್ಟರಲ್ಲಿ ಇನ್ನಿಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಮೇಷ್ಟ್ರಿಗೆ ಅವಸರ ಇಲ್ಲದಿರಬಹುದು, ಜುಲೈ 31ರ ಕೊನೆಯ ದಿನಕ್ಕೆ ಇತ್ತು.

ಆ ಲ್ಯಾಪ್‌ಟಾಪ್ ಕೊಂಡಿದ್ದು 2017ರ ಜೂನ್‌ನಲ್ಲಿ, 38,000 ರೂಪಾಯಿಗೆ. ಐ3 ಆರನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ತೆರಿಗೆ ಕಾನೂನಿನ ಪ್ರಕಾರ ಕಂಪ್ಯೂಟರಿಗೆ ವರ್ಷಕ್ಕೆ ಶೇ 40 ಸವಕಳಿ. ಆ ಲೆಕ್ಕ ಹಿಡಿದರೆ ಆರು ವರ್ಷ ತುಂಬುವ ಹೊತ್ತಿಗೆ ಪುಸ್ತಕದಲ್ಲಿ ಉಳಿಯುವುದು 1,773 ರೂಪಾಯಿ. ಗಿರಾಕಿಗಳ ಲೆಕ್ಕದಲ್ಲಿ ಇಂಥ ಸಂಖ್ಯೆಗಳನ್ನು ಬರೆದೂ ಬರೆದೂ ನನಗೂ ಅದೇ ಅಭ್ಯಾಸ. ಪುಸ್ತಕದ ಬೆಲೆ ಮುಗಿದ ವಸ್ತುವಿನ ಕಥೆಯೂ ಮುಗಿಯಿತು ಎಂದುಕೊಂಡಿದ್ದೆ.

ಆ ಭಾನುವಾರವೇ ಶೋರೂಮಿಗೆ ಹೋದೆ. ಹುಡುಗ ನನ್ನ ಮಾತು ಪೂರ್ತಿ ಕೇಳುವ ಮುಂಚೆಯೇ “ಆರು ವರ್ಷ ಆಯ್ತಲ್ಲ ಮೇಡಂ, ಅದರ ಲೈಫ್ ಮುಗೀತು” ಎಂದ. 44,990 ರೂಪಾಯಿಯದೊಂದನ್ನು ತೋರಿಸಿದ. ಒಂಬತ್ತು ಕಂತು, ಬಡ್ಡಿ ಇಲ್ಲ ಅಂದ. ಬಡ್ಡಿ ಇಲ್ಲದ ಇಎಂಐ ಎಂಬುದರ ಒಳಗುಟ್ಟು ಗೊತ್ತಿರುವುದು ಒಳ್ಳೆಯದು. ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ರಿಯಾಯಿತಿ ಎಂದು ಮೊದಲೇ ಕಳೆದಿರುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿಯನ್ನು ಕಟ್ಟುವವರು ನಾವು, ಜೊತೆಗೆ ಅನೇಕ ಕಾರ್ಡುಗಳಲ್ಲಿ ಪ್ರೊಸೆಸಿಂಗ್ ಶುಲ್ಕವೂ ಇದೆ. ಇಷ್ಟೆಲ್ಲ ತಿಳಿದೂ ಸಹಿ ಹಾಕುವ ಮನಸ್ಸಿನಲ್ಲೇ ಇದ್ದೆ. ಪಾನ್ ಕಾರ್ಡ್ ಮನೆಯಲ್ಲಿ ಮರೆತಿದ್ದರಿಂದ ಅಂದು ವಾಪಸ್ ಬಂದೆ.

ಬರುವ ದಾರಿಯಲ್ಲಿ, ನಮ್ಮ ಬೀದಿ ತಿರುವಿನಲ್ಲಿ, ಪ್ರಿಂಟರ್ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದಿದೆ. ಅಲ್ಲಿನ ಹುಡುಗನಿಗೆ ನನ್ನ ಪರಿಚಯ. ಹೊಸದು ಕೊಳ್ಳುವ ವಿಚಾರ ಹೇಳಿದೆ. “ಅಕ್ಕಾ, ತಗೊಳ್ಳೋದಕ್ಕೆ ಮುಂಚೆ ಒಂದ್ಸಲ ಇಲ್ಲಿಗೆ ತನ್ನಿ, ನೋಡೋಣ” ಎಂದ.

ಮಾರನೆಯ ದಿನ ತೆಗೆದುಕೊಂಡು ಹೋದೆ. ಅವನು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದ. ಟಾಸ್ಕ್ ಮ್ಯಾನೇಜರ್ ತೆರೆಯಿತು. ಸಿಪಿಯು ಶೇ 11, ಮೆಮೊರಿ ಶೇ 78, ಡಿಸ್ಕ್ ಶೇ 100. ಡಿಸ್ಕಿನ ಸಾಲು ಕಡುಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತ್ತು. ಐದು ನಿಮಿಷ ನೋಡಿದೆವು. ಇಳಿಯಲಿಲ್ಲ. ಅಂಗೈ ಇಡುವ ಜಾಗಕ್ಕೆ ಕಿವಿ ಕೊಟ್ಟರೆ ಒಳಗಿನಿಂದ ಕರಕರ ಸದ್ದು. “ಪ್ರೊಸೆಸರ್ ಸುಮ್ನೆ ಕೂತಿದೆ ಅಕ್ಕಾ. ಡಿಸ್ಕ್ ಒಂದೇ ಒದ್ದಾಡ್ತಾ ಇರೋದು” ಎಂದ.

ಹಾರ್ಡ್ ಡಿಸ್ಕಿನೊಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತಿರುತ್ತದೆ. ನನ್ನದರಲ್ಲಿ ನಿಮಿಷಕ್ಕೆ 5,400 ಸುತ್ತು. ಬೇಕಾದ ಮಾಹಿತಿ ಇರುವ ಜಾಗಕ್ಕೆ ಒಂದು ಪುಟ್ಟ ತೋಳು ಸರಿದು ಹೋಗಿ, ಆ ಭಾಗ ತಿರುಗಿ ತನ್ನ ಕೆಳಗೆ ಬರುವವರೆಗೆ ಕಾದು, ಓದಿಕೊಂಡು ಬರಬೇಕು. ಪ್ರತಿ ಸಲಕ್ಕೂ ಹತ್ತು ಹದಿನೈದು ಮಿಲಿಸೆಕೆಂಡು. ಕಡಿಮೆ ಅನ್ನಿಸುತ್ತದೆ. ಆದರೆ ವಿಂಡೋಸ್ ಎದ್ದು ಕೂರಲು ಅಲ್ಲಿ ಇಲ್ಲಿ ಚದುರಿರುವ ಸಾವಿರಾರು ಸಣ್ಣ ಫೈಲುಗಳನ್ನು ತರಿಸಿಕೊಳ್ಳಬೇಕು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಒಬ್ಬನೇ ಅಟೆಂಡರ್ ಇದ್ದು, ಒಂದೊಂದೇ ಕಡತಕ್ಕೂ ಏಣಿ ಹತ್ತಿ ಇಳಿಯುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಸಾಹೇಬರು ಎಷ್ಟು ಚುರುಕಾಗಿದ್ದರೂ ಕಡತ ಬರುವ ತನಕ ಪೆನ್ನು ಹಿಡಿದು ಕೂರಬೇಕಾದವರೇ. ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಪೂರ್ತಿ ಚಿಪ್‌ಗಳು. ಕೇಳಿದ ಮಾಹಿತಿ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಬರುತ್ತದೆ.

ಅದನ್ನೇ ಹಾಕಿಸಿದೆ, ಬಿಲ್ಲು ಇನ್ನೂ ನನ್ನ ಬಳಿ ಇದೆ. 500 ಜಿಬಿಯ ಎಸ್‌ಎಸ್‌ಡಿ 3,050. ಇನ್ನೊಂದು 4 ಜಿಬಿ ರ‍್ಯಾಮ್ 1,150. ಹಳೆಯ ಡಿಸ್ಕನ್ನು ಯುಎಸ್‌ಬಿಯಲ್ಲಿ ಚುಚ್ಚಿ ಬಳಸಲು ಒಂದು ಕೇಸು 350. ಅವನ ಕೂಲಿ 400. ಒಟ್ಟು 4,950. ಹಳೆಯ ಡಿಸ್ಕಿನಲ್ಲಿದ್ದ 210 ಜಿಬಿಯನ್ನು ಇದ್ದದ್ದು ಇದ್ದಹಾಗೆ ಹೊಸದಕ್ಕೆ ಕ್ಲೋನ್ ಮಾಡಲು ಎರಡು ಗಂಟೆ ಹಿಡಿಯಿತು. ಯಾವ ಸಾಫ್ಟ್‌ವೇರನ್ನೂ ಮತ್ತೆ ಹಾಕಿಸಬೇಕಾಗಲಿಲ್ಲ. ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಪತ್ರಗಳೂ ಅಕ್ಷರ ಕೆಡದೆ ತೆರೆದುಕೊಂಡವು. ಮೊದಲು ಆನ್ ಮಾಡಿ ಕೆಲಸಕ್ಕೆ ಕೂರಲು 3 ನಿಮಿಷ 50 ಸೆಕೆಂಡು ಬೇಕಿತ್ತು. ಈಗ 22 ಸೆಕೆಂಡು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಂಗಡಿಯಲ್ಲೇ ಮೂರು ಸಲ ನೋಡಿದೆ, ನಂಬಿಕೆಯಾಗಲಿಲ್ಲ.

ಇಲ್ಲಿ ದುಡ್ಡು ಕಳೆದುಕೊಳ್ಳುವ ಜಾಗಗಳಿವೆ. ಒಂದರಲ್ಲಿ ನಾನೇ ಕಳೆದುಕೊಂಡಿದ್ದೆ. ಅದಕ್ಕೂ ಒಂದು ವರ್ಷ ಮೊದಲು ಆನ್‌ಲೈನ್‌ನಲ್ಲಿ “2 ಟಿಬಿ ಎಸ್‌ಎಸ್‌ಡಿ” ಎಂದು 1,399 ರೂಪಾಯಿಗೆ ತರಿಸಿದ್ದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ 2 ಟಿಬಿ ಎಂದೇ ತೋರಿಸುತ್ತಿತ್ತು. ಮಗಳ ಶಾಲೆಯ ವಿಡಿಯೊಗಳನ್ನೆಲ್ಲ ಅದಕ್ಕೆ ಹಾಕಿದೆ. ತಿಂಗಳ ಮೇಲೆ ತೆರೆಯಹೋದರೆ ಮೊದಲ ಕೆಲವು ಮಾತ್ರ ಓಡಿದವು, ಉಳಿದವುಗಳಲ್ಲಿ ಹೆಸರು ಬಿಟ್ಟು ಇನ್ನೇನೂ ಇರಲಿಲ್ಲ. ಈ ಹುಡುಗ ಅದನ್ನು ಬಿಚ್ಚಿ ತೋರಿಸಿದ. ಒಳಗೆ ಬೆರಳುಗುರಿನಷ್ಟು ಮೆಮೊರಿ ಕಾರ್ಡೊಂದನ್ನು ಅಂಟಿನಲ್ಲಿ ಹಿಡಿಸಿದ್ದರು, ಮೇಲೆ 64 ಜಿಬಿ ಎಂದು ಬರೆದಿತ್ತು. ಎರಡು ವಿಡಿಯೊ ಮಾತ್ರ ಮೊಬೈಲಿನಲ್ಲಿ ಉಳಿದಿದ್ದವು, ಮಿಕ್ಕಿದ್ದು ಹೋಯಿತು. 1,399 ಹೋಗಿದ್ದು ದೊಡ್ಡ ನೋವಲ್ಲ, ಆ ವಿಡಿಯೊಗಳು ಹೋಗಿದ್ದು ಇವತ್ತಿಗೂ ನೋವೇ. ಹೆಸರುವಾಸಿ ಕಂಪನಿಗಳ ಎಸ್‌ಎಸ್‌ಡಿಗೆ ಪೇಟೆಯಲ್ಲಿ ಏನು ಬೆಲೆಯಿದೆಯೋ ಅದರ ಕಾಲುಭಾಗಕ್ಕೆ ಯಾರಾದರೂ ಕೊಡುತ್ತೇವೆಂದರೆ ಅದು ಎಸ್‌ಎಸ್‌ಡಿ ಅಲ್ಲ. ಮೋಸ ಹೋದರೆ ಸುಮ್ಮನಿರಬೇಡಿ. ಗ್ರಾಹಕರ ಸಹಾಯವಾಣಿ 1915, ಸೈಬರ್ ವಂಚನೆಗೆ 1930. ನಾನು ಸುಮ್ಮನಿದ್ದು ತಪ್ಪು ಮಾಡಿದೆ.

ಎರಡನೆಯದು ಬೇಡದ ವೇಗಕ್ಕೆ ಕೊಡುವ ದುಡ್ಡು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಸಾಟಾ ಜೋಡಣೆಯ, ಎರಡೂವರೆ ಇಂಚಿನ ಎಸ್‌ಎಸ್‌ಡಿಯೇ ಕೂರುವುದು. ಅದು ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಬಗೆಯದು 3,500 ಎಂಬಿ, ಅದಕ್ಕೂ ಮೇಲೆ. ಸಂಖ್ಯೆ ನೋಡಿ ಆಸೆಯಾಗುತ್ತದೆ. ಆದರೆ ನಿಮ್ಮ ಯಂತ್ರದಲ್ಲಿ ಅದಕ್ಕೆ ಜಾಗವೇ ಇರಲಿಕ್ಕಿಲ್ಲ. ಜಾಗವಿದ್ದರೂ ಪತ್ರ ಬರೆಯುವ, ಲೆಕ್ಕ ಹಾಕುವ, ಬ್ಯಾಂಕಿನ ಪುಟ ತೆರೆಯುವ ಮನೆಗೆಲಸದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಹಾರ್ಡ್ ಡಿಸ್ಕಿನಿಂದ ಯಾವುದೇ ಒಳ್ಳೆಯ ಎಸ್‌ಎಸ್‌ಡಿಗೆ ಹೋಗುವುದೇ ದೊಡ್ಡ ಜಿಗಿತ.

ಇನ್ನೊಂದು, ವಿಂಡೋಸ್ ಹೆಸರಿನ ಬಿಲ್ಲು. ಡಿಸ್ಕ್ ಬದಲಿಸಿದರೆ ವಿಂಡೋಸ್ ಮತ್ತೆ ಕೊಳ್ಳಬೇಕು ಎನ್ನುವ ಅಂಗಡಿಗಳಿವೆ. ಲ್ಯಾಪ್‌ಟಾಪಿನ ಜೊತೆಗೇ ಬಂದ ಲೈಸೆನ್ಸ್ ಹೆಚ್ಚಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕಿಗಲ್ಲ. ಹೊಸದಾಗಿ ವಿಂಡೋಸ್ ಹಾಕಿದರೂ ಇಂಟರ್‌ನೆಟ್ಟಿಗೆ ಜೋಡಿಸಿದಾಗ ಅದೇ ಲೈಸೆನ್ಸ್ ಮರಳಿ ಸಿಗುತ್ತದೆ. ಹಾಕಿಕೊಡುವ ಶ್ರಮಕ್ಕೆ ಕೂಲಿ ಕೊಡಿ, ಲೈಸೆನ್ಸಿಗೆ ಎರಡನೇ ಸಲ ಕೊಡಬೇಡಿ.

ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬ ಭಯವೂ ಹಲವರಿಗಿದೆ. ಅದರ ಮೇಲೆ ಬರೆಯಲು ಒಂದು ಮಿತಿ ಇರುವುದು ನಿಜ. ನಾನು ಕೊಂಡದ್ದಕ್ಕೆ ಕಂಪನಿ ಹೇಳಿದ ಮಿತಿ 180 ಟೆರಾಬೈಟ್. ಎರಡು ವರ್ಷ ದಿನವೂ ಬಳಸಿದ ಮೇಲೆ ನೋಡಿದರೆ ನಾನು ಬರೆದದ್ದು 9 ಟೆರಾಬೈಟ್. ಸವೆಯುವುದರ ಚಿಂತೆ ಬಿಡಿ. ಚಿಂತೆ ಬೇರೆಯದಿದೆ. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಎಷ್ಟೋ ಸಲ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಒಂದು ಬೆಳಿಗ್ಗೆ ಏಳದೇ ಹೋಗಬಹುದು, ಆಮೇಲೆ ಅದರಿಂದ ಫೈಲು ಹೊರಗೆ ತೆಗೆಸುವುದು ಬಹಳ ಕಷ್ಟ, ಬಹಳ ದುಬಾರಿ. 350 ರೂಪಾಯಿಯ ಆ ಕೇಸು ತೆಗೆದುಕೊಂಡದ್ದು ಅದಕ್ಕೇ. ಪ್ರತಿ ಶನಿವಾರ ಸಂಜೆ ಹಳೆಯ ಡಿಸ್ಕಿಗೆ ಒಂದು ಪ್ರತಿ ಇಳಿಸುತ್ತೇನೆ.

ಈಗ ಉಳಿತಾಯದ ಮಾತು. 44,990ರಲ್ಲಿ 4,950 ಕಳೆದರೆ 40,040 ಉಳಿಯಿತು ಎಂದು ನಾನು ಹೇಳುವುದಿಲ್ಲ. ಅದು ಉಳಿತಾಯವಲ್ಲ, ಮುಂದೂಡಿದ ಖರ್ಚು. ಆದರೆ ಮುಂದೂಡಿದ್ದಕ್ಕೂ ಬೆಲೆ ಇದೆ. ತಿಂಗಳಿಗೆ ಐದು ಸಾವಿರದ ಕಂತು ಕಟ್ಟಲು ಸಿದ್ಧಳಾಗಿದ್ದವಳು ಬ್ಯಾಂಕಿನಲ್ಲಿ 1,500 ರೂಪಾಯಿಯ ಆರ್‌ಡಿ ತೆರೆದೆ. 24 ತಿಂಗಳಿಗೆ ಬಡ್ಡಿ ಸೇರಿ 38,000ಕ್ಕಿಂತ ಸ್ವಲ್ಪ ಹೆಚ್ಚು ಕೈಗೆ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲುತ್ತದೆ, ನನ್ನ ಆರನೇ ತಲೆಮಾರಿನ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ ಎಂದು ಗೊತ್ತಿತ್ತು. ಜನರ ಪಾನ್, ಆಧಾರ್ ಇರುವ ಯಂತ್ರವನ್ನು ಭದ್ರತೆಯ ಅಪ್‌ಡೇಟ್ ಇಲ್ಲದೆ ಓಡಿಸುವುದು ಸರಿಯಲ್ಲ. ಹಾಗಾಗಿ ಆ ಆಗಸ್ಟಿನಲ್ಲಿ ಆರ್‌ಡಿ ಹಣಕ್ಕೆ ಸ್ವಲ್ಪ ಸೇರಿಸಿ, ನಗದು ಕೊಟ್ಟು ಹೊಸದು ತಂದೆ. ಹಳೆಯದಕ್ಕೆ ಲಿನಕ್ಸ್ ಮಿಂಟ್ ಹಾಕಿಸಿದೆ. ಮಗಳು ಪಿಯುಸಿ ಪಾಠ ನೋಡುವುದು, ಟಿಪ್ಪಣಿ ಬರೆಯುವುದು ಅದರಲ್ಲೇ.

ಎಲ್ಲ ಹಳೆಯ ಯಂತ್ರಕ್ಕೂ ಇದೇ ಮದ್ದು ಎಂದಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಆರಾಮಾಗಿದ್ದು ಸಿಪಿಯು ಶೇ 100ರಲ್ಲಿ ನಿಂತಿದ್ದರೆ ಎಸ್‌ಎಸ್‌ಡಿ ಹಾಕಿ ಪ್ರಯೋಜನವಿಲ್ಲ. ಮದರ್‌ಬೋರ್ಡ್ ಕೈಕೊಡುತ್ತಿದ್ದರೂ ಅಷ್ಟೆ. 2025ರ ಕೊನೆಯಿಂದ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆಯೂ ಏರಿದೆ. ನನ್ನ ಬಿಲ್ಲಿನ ಬೆಲೆಗೆ ಇವತ್ತು ಸಿಗುವುದಿಲ್ಲ. ಎರಡು ಮೂರು ಕಡೆ ವಿಚಾರಿಸಿ. ಬೆಂಗಳೂರಿನವರಾದರೆ ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ, ವಾರಂಟಿ ಮೂರು ವರ್ಷವೋ ಐದೋ ಕೇಳಿ, ಜಿಎಸ್‌ಟಿ ಬಿಲ್ ಇಲ್ಲದೆ ಕೊಳ್ಳಬೇಡಿ.

ಕೊನೆಗೊಂದು ಕೋರಿಕೆ. ಕೆಲಸ ಮುಗಿದ ಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಿಮ್ಮ ಆಧಾರ್ ಪ್ರತಿ, ಬ್ಯಾಂಕಿನ ಸ್ಟೇಟ್‌ಮೆಂಟ್, ಮಕ್ಕಳ ಫೋಟೊ ಎಲ್ಲವೂ ಅದರಲ್ಲಿ ಹಾಗೇ ಇರುತ್ತವೆ. ಕೇಳಿ ತೆಗೆದುಕೊಂಡು ಬನ್ನಿ.