ಸತ್ಯಾಣುವ್ರತವೂ ಮನೆಯ ಗುಟ್ಟೂ

ವ್ರತಾಚರಣೆಯ ಅನುಭವವನ್ನು ಬರೆದು ನಾಲ್ವರಿಗೆ ತಿಳಿಸುವ ಶ್ರಾವಕ ಶ್ರಾವಿಕೆಯರು ಮನೆಯವರ ವಿಷಯವನ್ನು ಎಷ್ಟರಮಟ್ಟಿಗೆ ಹೇಳಬಹುದು? ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳಿದೆ. ಬರೆಯುವವರು ವಿಶೇಷವಾಗಿ ಗಮನಿಸಬೇಕಾದವು ಎರಡು: ಸ್ತ್ರೀಪುರುಷರ ಏಕಾಂತದ ಸಂಗತಿಯನ್ನು ಹೊರಗೆಡಹುವ ರಹೋಭ್ಯಾಖ್ಯಾನ, ಆಗದುದನ್ನು ಆಯಿತೆಂದು ಬರೆಯುವ ಕೂಟಲೇಖಕ್ರಿಯೆ.

ಅನಂತ ಚತುರ್ದಶಿಯ ಉಪವಾಸವನ್ನು ಸೊಸೆಯು ಜ್ವರದ ನಿಮಿತ್ತ ನಡುವೆಯೇ ಬಿಟ್ಟಳೆನ್ನೋಣ. ಹೆಸರಿಟ್ಟು ಬರೆದರೆ ಮಾತು ನಿಜವೇ. ಆದರೆ ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಹಾಗೆಂದು ಮನೆಮಂದಿಯೆಲ್ಲ ನಿರ್ವಿಘ್ನವಾಗಿ ಉಪವಾಸವಿದ್ದೆವೆಂದು ಬರೆದರೆ ಅದು ಕೂಟಲೇಖವೇ ಆಯಿತು. ಮೌನಕ್ಕೂ ಸುಳ್ಳಿಗೂ ಇರುವ ಈ ಅಂತರವನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ.

ಸಮ್ಯಗ್ದರ್ಶನದ 8 ಅಂಗಗಳಲ್ಲೊಂದಾದ ಉಪಗೂಹನವನ್ನು ಹೇಳಿರುವುದು ಅಜ್ಞರ, ಅಶಕ್ತರ ದೆಸೆಯಿಂದ ಮಾರ್ಗಕ್ಕೆ ಬರುವ ನಿಂದೆಯನ್ನು ನೀಗಿಸಲೆಂದು. ರೋಗಿಯಾದ ಸೊಸೆಯನ್ನು ಬಲವಂತದಿಂದ ಉಪವಾಸವಿರಿಸಿದ ಅತ್ತೆಯು ತನ್ನ ಕಾಠಿಣ್ಯವನ್ನು ಈ ಅಂಗದ ಮರೆಯಲ್ಲಿ ಅಡಗಿಸಲಾಗದು. ಆಕೆ ಗುರುಗಳ ಮುಂದೆ ನಿಷ್ಕಪಟವಾಗಿ ಆಲೋಚನೆ ಮಾಡಬೇಕು; ಬರೆಯಲಿಚ್ಛಿಸಿದರೆ ತನ್ನ ದೋಷವನ್ನಷ್ಟೇ ಬರೆದು, ಸೊಸೆಯ ಮಾತು ಬರುವೆಡೆಯಲ್ಲಿ ಮೊದಲು ಆಕೆಗೆ ಓದಿ ಹೇಳಿ ಒಪ್ಪಿಗೆಯನ್ನು ಪಡೆಯತಕ್ಕದ್ದು.