ಎಣ್ಣೆ ಸಾಲದ ಮಾಬ್ಲ

ಕಾನೂನಿಲ್ಲದ ಊರಲ್ಲಿ ಹುಟ್ಟಿದವನೊಬ್ಬನ ಕಥೆ ಬರೆಯಿರಿ ಎಂದರೆ ಎಲ್ಲರೂ ಮೊದಲು ಅವನ ಅಪ್ಪ ಅಮ್ಮನನ್ನು ಕೊಲ್ಲುತ್ತಾರೆ. ಆಮೇಲೆ ಒಂದು ಕರಿ ನಿಲುವಂಗಿ, ಸೊಂಟದಲ್ಲಿ ಎರಡು ಚಾಕು, ಯಾರನ್ನೂ ನಂಬದ ಸ್ವಭಾವ. ನಮ್ಮ ಗುಂಪಿನಲ್ಲಿ ಇಂಥ ಮೂವರು ಅನಾಥರು ಒಂದೇ ಸಂಜೆ ತಯಾರಾದರು. ಪರಸ್ಪರ ನಂಬದ ಮೂವರು ಸೇರಿ ಒಂದು ಬಾಗಿಲು ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಕೂತು ನೋಡಿದವರಿಗೇ ಗೊತ್ತು.

ನಾವು ಆಡುವುದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬ ಕಥೆ ನಡೆಸುತ್ತಾನೆ, ಅವನು ಡಿಎಂ. ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಹೊನ್ನಾವರದ ಕಡೆ ತಾಳಮದ್ದಲೆ ಕೇಳಿ ಬೆಳೆದ ನನಗೆ ಇದು ಹೊಸತೆನಿಸಲಿಲ್ಲ. ಪ್ರಸಂಗ ಮೊದಲೇ ಗೊತ್ತು, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಆಡುವುದು ಪುಣೆ ಬಳಿಯ ಚಾಕಣದ ನನ್ನ ಬಾಡಿಗೆ ಮನೆಯಲ್ಲಿ. ಬರುವವರೆಲ್ಲ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಬೇರೆ ಬೇರೆ ಕಾರ್ಖಾನೆಗಳ ಹುಡುಗರು. ಶಿಫ್ಟ್ ಹೊಂದಿದ ದಿನ ಆಟ. ಭಾಷೆ ಮರಾಠಿ, ಹಿಂದಿ. ಬೆಳಗಾವಿಯವನೊಬ್ಬ ಇರುವುದರಿಂದ ನಡುನಡುವೆ ಕನ್ನಡ.

ಡಿಎಂ ಚಾಕಣದವನೇ. ಈ ಸಲ ಕಥೆ ಶುರುವಾಗುವುದು ಸ್ಕಲ್‌ಪೋರ್ಟಿನಲ್ಲಿ ಎಂದ. ಎಡ್ ಗ್ರೀನ್‌ವುಡ್ ಕಟ್ಟಿದ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ವಾಟರ್‌ಡೀಪ್ ಎಂಬ ಮಹಾನಗರವಿದೆ. ಅದರ ಕೆಳಗೆ, ನೆಲದಾಳದ ಗುಹೆಯೊಂದರಲ್ಲಿ ಇರುವ ಬಂದರು ಇದು. ಮೇಲಿನ ಪೇಟೆಯಲ್ಲಿ ಮಾರಲಾಗದ ಸರಕೆಲ್ಲ ಇಲ್ಲಿ ಸಿಗುತ್ತದೆ. ದೊರೆಯಿಲ್ಲ, ಕೋರ್ಟಿಲ್ಲ. ಗಾಳಿಯಲ್ಲಿ ತೇಲಾಡುವ ತಲೆಬುರುಡೆಗಳು ತಮಗೆ ತೋಚಿದಂತೆ ದಂಡ ಹಾಕುತ್ತವೆ. ಇಂಥ ಊರಿನವನಾಗಿ ನಾನು ಯಾರಾಗಲಿ?

ದಾರಿ ತೋರಿಸಿದ್ದು ಈರುಳ್ಳಿ. ಚಾಕಣದ ಮಹಾತ್ಮಾ ಫುಲೆ ಮಾರುಕಟ್ಟೆ ಯಾರ್ಡಿಗೆ ಈರುಳ್ಳಿ ಬಂದಿಳಿಯುವ ಹೊತ್ತಿಗೆ ಹೋಗಿ ನಿಂತರೆ ಹರಾಜಿನ ಕೂಗಿಗಿಂತ ಹಮಾಲರ ಓಡಾಟವೇ ಹೆಚ್ಚು ಕಾಣುತ್ತದೆ. ಯಾವ ಟೋಳಿ ಯಾರ ಮಾಲು ಇಳಿಸಬೇಕು, ಹಮಾಲಿ ಎಷ್ಟು, ತೂಕಕ್ಕೆ ತೋಲಾಯಿ ಎಷ್ಟು, ಎಲ್ಲಕ್ಕೂ ಲೆಕ್ಕವಿದೆ. ಮಹಾರಾಷ್ಟ್ರದಲ್ಲಿ ತಲೆಹೊರೆ ಕೂಲಿಗಳಿಗೆಂದೇ 1969ರ ಮಾಥಾಡಿ ಕಾಯ್ದೆ ಇದೆ. ನೋಂದಣಿ, ಕೂಲಿ ಎಲ್ಲ ಮಂಡಳಿಯ ಮೂಲಕ. ಅಲ್ಲಿ ನಿಂತಾಗ ಹೊಳೆಯಿತು: ಕಾಯ್ದೆಯೇ ಇಲ್ಲದ ಬಂದರಿಗೆ ಹಡಗು ಬಂದರೆ ಮೂಟೆ ಇಳಿಸುವವರು ಯಾರು? ಕಳ್ಳಮಾಲಾದರೂ ತಾನಾಗಿ ನಡೆದು ಬರುವುದಿಲ್ಲವಲ್ಲ. ಯಾವ ಧಕ್ಕೆ ಯಾರದು, ಯಾರ ಮೂಟೆ ಯಾರು ಮುಟ್ಟಬಾರದು ಎಂಬ ಕಟ್ಟುಪಾಡು ಅಲ್ಲಿ ನಮ್ಮ ಯಾರ್ಡಿಗಿಂತ ಬಿಗಿಯಾಗಿಯೇ ಇರಬೇಕು. ತಪ್ಪಿದರೆ ದೂರು ಕೊಡಲು ಜಾಗವಿಲ್ಲ.

ಹೀಗೆ ಮಾಬ್ಲ ಹುಟ್ಟಿದ. ನಮ್ಮೂರ ಹೆಸರು, ಸ್ಕಲ್‌ಪೋರ್ಟಿನ ಹಮಾಲ. ತಾಯಿ ಬದುಕಿದ್ದಾಳೆ, ಗಟ್ಟಿಯಾಗಿಯೇ ಇದ್ದಾಳೆ. 2014ರ ಆಟಗಾರರ ಕೈಪಿಡಿಯಲ್ಲಿ ಪಾತ್ರಕ್ಕೊಂದು ಹಿನ್ನೆಲೆ ಆರಿಸಬೇಕು. ಉಳಿದವರು ಕ್ರಿಮಿನಲ್ ಆರಿಸಿದರು, ನಾನು ಸೇಲರ್. ಅದರಲ್ಲಿ ಅಥ್ಲೆಟಿಕ್ಸ್ ಮತ್ತು ಪರ್ಸೆಪ್ಷನ್ ಸಿಗುತ್ತವೆ. ಒಂದು ಮೂಟೆ ಹೊರಲು, ಇನ್ನೊಂದು ಕತ್ತಲಲ್ಲಿ ಕಿವಿ ಚುರುಕಾಗಿರಲು. ವರ್ಗ ರೋಗ್. ಆ ವರ್ಗದವರಿಗೆ ಕಳ್ಳರ ಗುಟ್ಟುಭಾಷೆ ಬರುತ್ತದೆ. ಅದನ್ನು ನಾವು ದನದ ಜಾತ್ರೆಯ ಟವೆಲ್ ವ್ಯಾಪಾರದಿಂದ ಮಾಡಿಕೊಂಡೆವು: ಬಟ್ಟೆಯಡಿ ಬೆರಳು ಹಿಡಿದು ಬೆಲೆ ಹೇಳುವುದು, ಮೇಲೆ ಮಾತ್ರ ಮಳೆ ಬೆಳೆ ಮಾತು.

ನಿಜವಾದ ಕಥೆ ಸಿಕ್ಕಿದ್ದು ಕೈಪಿಡಿಯ ಬೆಲೆಪಟ್ಟಿಯಲ್ಲಿ. ಆ ಪುಟವನ್ನು ಯಾರೂ ಓದುವುದಿಲ್ಲ. ನೆಲದಾಳದ ಎಲ್ಫ್‌ಗಳಾದ ಡ್ರೌಗಳಿಗೆ ಕತ್ತಲಲ್ಲಿ 120 ಅಡಿ ದೂರ ಕಣ್ಣು ಕಾಣುತ್ತದೆ, ಕುಳ್ಳ ಡ್ವಾರ್ಫ್‌ಗಳಿಗೆ 60 ಅಡಿ. ಮಾಬ್ಲ ಮನುಷ್ಯ, ಅವನಿಗೆ ಏನೂ ಕಾಣದು. ಸೂರ್ಯನೇ ಇಲ್ಲದ ಊರಲ್ಲಿ ಅವನಿಗೆ ಬೆಳಕು ದುಡ್ಡು ಕೊಟ್ಟೇ ಬರಬೇಕು. ಒಂದು ಕುಪ್ಪಿ ಎಣ್ಣೆಗೆ ಒಂದು ಬೆಳ್ಳಿ ನಾಣ್ಯ, ಅದರಲ್ಲಿ ದೀಪ ಉರಿಯುವುದು ಆರು ಗಂಟೆ. ಕುಶಲತೆಯಿಲ್ಲದ ಕೂಲಿಯವನ ದಿನಗೂಲಿ ಅದೇ ಪುಸ್ತಕದಲ್ಲಿ ಎರಡು ಬೆಳ್ಳಿ ನಾಣ್ಯ. ಅಂದರೆ ಆರು ತಾಸು ಕಣ್ಣು ಕಾಣಲು ಅರ್ಧ ಕೂಲಿ. ಹಡಗು ಬಾರದ ವಾರ ಎಣ್ಣೆ ಸಾಲ. ಸಾಲ ಕೊಡುವವನಿಗೆ ಕತ್ತಲಲ್ಲೂ ಕಾಣುತ್ತದೆ, ಅವನಿಗೆ ದೀಪವೇ ಬೇಡ. ಆ ಊರಿನಲ್ಲಿ ಮನುಷ್ಯರನ್ನು ಹಿಡಿತದಲ್ಲಿಡಲು ಸೆರೆಮನೆ ಯಾಕೆ ಬೇಕಾಗಿಲ್ಲ ಎಂಬುದು ಈ ಎರಡು ಅಂಕಿಗಳಲ್ಲೇ ಇತ್ತು. ಇದನ್ನು ಓದಿ ಹೇಳಿದಾಗ ಡಿಎಂ, ‘ದಾದಾ, ಈ ಎಣ್ಣೆಯವನನ್ನು ನನಗೆ ಬಿಡಿ’ ಎಂದ. ಅಂದಿನಿಂದ ನಮ್ಮ ಕಥೆಯಲ್ಲಿ ಡ್ರ್ಯಾಗನ್‌ಗಿಂತ ಅವನಿಗೇ ಹೆಚ್ಚು ಹೆದರುತ್ತೇವೆ.

ಮಾಬ್ಲನಿಗೊಬ್ಬ ನಾಯಕ ಬೇಕಿತ್ತು. ನನ್ನ ತಲೆಯಲ್ಲಿದ್ದವನು ತಿಮ್ಮೋಜ, ಪೋರ್ಚುಗೀಸರು ತಿಮೋಜ ಎಂದು ಬರೆದ ಹೊನ್ನಾವರದ ಕಡಲಾಳು. 1498ರಲ್ಲಿ ಅಂಜದೀವ ದ್ವೀಪದ ಬಳಿ ಕೊಂಬೆ ಸೊಪ್ಪು ಹೊದಿಸಿದ ದೋಣಿಗಳಲ್ಲಿ ವಾಸ್ಕೋ ಡ ಗಾಮನ ಮೇಲೇರಿ ಬಂದ ಕಳ್ಳ ಎಂದು ಅವರ ಚರಿತ್ರೆಕಾರರು ಹೇಳುವುದು ಇವನನ್ನೇ. 1510ರಲ್ಲಿ ಗೋವೆಗೆ ನುಗ್ಗಲು ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕನನ್ನು ಹುರಿದುಂಬಿಸಿ ಜತೆಗೆ ಹೋದವನೂ ಇವನೇ. ಡಿಎಂಗೆ ಈ ಮಾದರಿ ಹಿಡಿಸಲಿಲ್ಲ. ಅವನ ವೀರ ಚಾಕಣದ ಸಂಗ್ರಾಮದುರ್ಗ ಕೋಟೆಯ ಫಿರಂಗೋಜಿ ನರಸಾಳಾ. 1660ರಲ್ಲಿ ಮೊಘಲ ಸೇನಾಪತಿ ಶಾಯಿಸ್ತಾಖಾನನ ದೊಡ್ಡ ಸೈನ್ಯವನ್ನು ಸುಮಾರು ಎರಡು ತಿಂಗಳು ತಡೆದವನು. ಮೊಘಲರು ಸುರಂಗ ತೋಡಿ ಬುರುಜನ್ನೇ ಸಿಡಿಸಬೇಕಾಯಿತು. ಕೋಟೆ ಹೋದ ಮೇಲೆ ಖಾನ ಚಾಕರಿ ಕೊಡುತ್ತೇನೆಂದರೂ ಒಲ್ಲೆ ಎಂದ. ನಿಷ್ಠೆ ಅಂದರೆ ಅದು ಎನ್ನುತ್ತಾನೆ ಡಿಎಂ. ಒಪ್ಪುತ್ತೇನೆ. ಆದರೆ ನಿಷ್ಠೆಗೆ ಒಬ್ಬ ರಾಜನಾದರೂ ಬೇಕಲ್ಲ. ಸ್ಕಲ್‌ಪೋರ್ಟಿನಲ್ಲಿ ತಿಮ್ಮೋಜನೇ ಹೆಚ್ಚು ದಿನ ಉಳಿಯುತ್ತಾನೆ. ಕೊನೆಗೆ ನಾಯಕ ತಿಮ್ಮೋಜನಂತಾದ, ಅವನ ಹಳೆಯ ಶತ್ರು ಫಿರಂಗೋಜಿಯಂತಾದ. ಇಬ್ಬರೂ ಚೆನ್ನಾಗಿ ಬಂದರು.

ಒಂದು ವಿಷಯ ದಾಳ ಮುಟ್ಟುವ ಮೊದಲೇ ಕೂತು ಮಾತಾಡಿದೆವು. ಸ್ಕಲ್‌ಪೋರ್ಟಿನ ಹಳೆಯ ದಂಧೆ ಗುಲಾಮರ ವ್ಯಾಪಾರ. ಅದನ್ನು ಇಲ್ಲವೆನ್ನಲಾಗದು, ಮಜವಾಗಿ ಆಡಲೂ ಆಗದು. ನಮ್ಮ ಯಾವ ಪಾತ್ರವೂ ಅದರಿಂದ ದುಡ್ಡು ಮಾಡಬಾರದು, ಹರಾಜಿನ ದೃಶ್ಯ ಬೇಡ ಎಂದಾಯಿತು. ಐದು ನಿಮಿಷದ ಮಾತು. ಆಡದೆ ಬಿಟ್ಟಿದ್ದರೆ ಯಾರಾದರೊಬ್ಬರು ನಡುವೆ ಎದ್ದು ಹೋಗುತ್ತಿದ್ದರು.

ಇನ್ನು ಮಾಬ್ಲ ಉಳಿದವರ ಜತೆ ಯಾಕೆ ಹೋಗಬೇಕು? ಇದಕ್ಕೆ ಉತ್ತರವಿಲ್ಲದ ಪಾತ್ರ ಎಷ್ಟೇ ಚಂದವಿದ್ದರೂ ಮೂಲೆಯಲ್ಲೇ ಕೂರುತ್ತದೆ. ನನ್ನ ಉತ್ತರ ಹೀಗೆ: ವಾಟರ್‌ಡೀಪಿನ ಭೂಗತ ದೊರೆ ಜಾನಥಾರ್, ಹನ್ನೊಂದು ಕಣ್ಣಿನ ತೇಲುವ ಗುಂಡುರಾಕ್ಷಸ. ಅವನ ಪ್ರಾಣ ಇರುವುದು ಸಿಲ್ಗಾರ್ ಎಂಬ ಚಿನ್ನದ ಮೀನಿನ ಮೇಲೆ. ಮೀನು ಸತ್ತಾಗಲೆಲ್ಲ ಚೇಲಾಗಳು ಗುಟ್ಟಾಗಿ ಬೇರೆ ಮೀನು ತಂದು ಬಿಡುತ್ತಾರೆ. ಇದು ಆಟದ ಪುಸ್ತಕಗಳಲ್ಲೇ ಇರುವ ಸಂಗತಿ. ಆ ಮೀನಿನ ಕೊಡ ಹೊತ್ತು ತರುವವನು ಮಾಬ್ಲ ಎಂದು ಸೇರಿಸಿದ್ದು ನಾನು. ಹೊಸ ಮೀನು ಮೇಲಿನ ಪೇಟೆಯಿಂದಲೇ ಬರಬೇಕು, ಒಂಟಿಯಾಗಿ ಹೋದರೆ ದಾರಿಯಲ್ಲೇ ಸುಲಿಗೆ. ಚಾಕು ಇರುವವರು ಜತೆಗೆ ಬೇಕೇ ಬೇಕು.

ಈ ಕೆಲಸಕ್ಕೆ ಮಾಬ್ಲ ಎಷ್ಟು ತೆಗೆದುಕೊಳ್ಳುತ್ತಾನೆ ಎಂದು ಡಿಎಂ ಕೇಳಿದ. ನಾನು ಎರಡು ಕುಪ್ಪಿ ಎಣ್ಣೆ ಎಂದೆ.

‘ಅಣ್ಣಾ, ಇಷ್ಟ ಸಾಕೇನು?’ ಎಂದ ಬೆಳಗಾವಿಯವ.

‘ಅದು ಹಮಾಲಿ ಮಾತ್ರ. ಬಾಯಿ ಮುಚ್ಚಿಕೊಂಡಿರೋದಕ್ಕೆ ಬೇರೆ ಆಗ್ತದೆ.’